ಹಳೇ ಅಮೆರಿಕನ್ ಕಾರು ನಿಜವಾಗಿಯೂ ಉಕ್ಕಿನ ಕೋಟೆಯೇ?

"ಹಳೇ ಅಮೆರಿಕನ್ ಕಾರು ಅಂದ್ರೆ ಉಕ್ಕಿನ ಕೋಟೆ. ಈಗಿನವು ಬರೀ ತಗಡು, ಗುದ್ದಿದರೆ ಪುಡಿಪುಡಿ." ಈ ಫಾರ್ವರ್ಡ್ ನಿಮಗೂ ಬಂದಿರಬಹುದು.

ಆ ಕಾರುಗಳೆಂದರೆ ನನಗೂ ಪ್ರಾಣ. 1959ರ ಶೆವರ್ಲೆ ಬೆಲ್ ಏರ್ ನೋಡಿ. ಹಿಂದೆ ಹಕ್ಕಿ ರೆಕ್ಕೆ ಬಿಚ್ಚಿದಂತೆ ಅಗಲವಾಗಿ ಚಾಚಿದ ತಗಡು, ಅದರ ಕೆಳಗೆ ಬೆಕ್ಕಿನ ಕಣ್ಣಿನಂಥ ಕೆಂಪು ದೀಪ, ಮುಂದೆ ಫಳಫಳ ಹೊಳೆಯುವ ಕ್ರೋಮ್. ಎಷ್ಟು ನೋಡಿದರೂ ಸಾಲದು.

ಆದರೆ ಸುರಕ್ಷತೆಯ ಮಾತೇ ಬೇರೆ. 2009ರಲ್ಲಿ ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ ಇದೇ ಬೆಲ್ ಏರ್ ಮತ್ತು 2009ರ ಶೆವರ್ಲೆ ಮಾಲಿಬು ಕಾರನ್ನು ಎದುರುಬದುರು ಡಿಕ್ಕಿ ಹೊಡೆಸಿತು. ಎರಡರ ವೇಗವೂ ಗಂಟೆಗೆ ಸುಮಾರು 64 ಕಿ.ಮೀ. ಬೆಲ್ ಏರ್‌ನಲ್ಲಿ ಚಾಲಕ ಕೂರುವ ಜಾಗವೇ ಕುಸಿದು ಹೋಯಿತು. ಪರೀಕ್ಷೆಗೆಂದು ಚಾಲಕನ ಸೀಟಿನಲ್ಲಿ ಕೂರಿಸಿದ್ದ ಬೊಂಬೆಯ ಜಾಗದಲ್ಲಿ ಮನುಷ್ಯ ಇದ್ದಿದ್ದರೆ ಬದುಕುವುದು ಕಷ್ಟವಿತ್ತು. ಮಾಲಿಬು ಚಾಲಕನಿಗಾದರೆ ಕಾಲಿಗೆ ಸಣ್ಣ ಪೆಟ್ಟು ಬೀಳುತ್ತಿತ್ತು, ಅಷ್ಟೇ.

"ಆ ಹಳೇ ಕಾರಿನ ಎಂಜಿನ್ ತೆಗೆದು ಮೋಸ ಮಾಡಿದ್ರು" ಅಂತಲೂ ಹಬ್ಬಿಸಿದರು. ಅದೂ ಸುಳ್ಳು. 6 ಸಿಲಿಂಡರ್ ಎಂಜಿನ್ ಒಳಗೇ ಇತ್ತು.

ಹೊಸ ಕಾರಿನ ಮುಂಭಾಗ ನಜ್ಜುಗುಜ್ಜಾಗುವುದು ದೋಷವಲ್ಲ, ಬೇಕೆಂದೇ ಹಾಗೆ ಮಾಡಿರುತ್ತಾರೆ. ಗುದ್ದಿದ ಹೊಡೆತವನ್ನು ಅದು ನುಂಗಿಕೊಳ್ಳುತ್ತದೆ, ಜನ ಕೂರುವ ಭಾಗ ಗಟ್ಟಿಯಾಗಿ ಉಳಿಯುತ್ತದೆ. ಬೆಲ್ ಏರ್‌ನಲ್ಲಿ ಏರ್‌ಬ್ಯಾಗ್ ಇರಲಿಲ್ಲ. ಸ್ಟೀರಿಂಗ್ ಕಂಬವೂ ಮಡಚಿಕೊಳ್ಳುವಂಥದ್ದಲ್ಲ, ನೇರ ಎದೆಗೇ ಬರುತ್ತಿತ್ತು.