ಎರಡನೇ ಆರ್ಡರ್ ಎಷ್ಟು ಬಂತು?

ಅಂತರರಾಷ್ಟ್ರೀಯ ವ್ಯಾಪಾರ ಮೇಳ ಮುಗಿದ ದಿನ ಒಂದು ಸುದ್ದಿ ಬಂದೇ ಬರುತ್ತದೆ. ಇಷ್ಟು ದೇಶ, ಇಷ್ಟು ಒಡಂಬಡಿಕೆ, ಇಷ್ಟು ಮೊತ್ತ. ಜೊತೆಗೆ ಕೈಕುಲುಕುವ ಫೋಟೊ. ನನಗಂತೂ ಈ ಅಂಕಿಗಳ ಮೇಲೆ ಎಂದೂ ನಂಬಿಕೆ ಬಂದಿಲ್ಲ. ಒಡಂಬಡಿಕೆ ಅಂದರೆ ಎಷ್ಟೋ ಸಲ 'ನೋಡೋಣ, ಮಾಡೋಣ' ಅಂತ ಬರೆದುಕೊಟ್ಟ ಕಾಗದ, ಅಷ್ಟೇ. ಸರಕು ಹಡಗು ಹತ್ತಲೇಬೇಕು ಅನ್ನುವ ಕಟ್ಟುಪಾಡು ಅದರಲ್ಲಿ ಇರುವುದೇ ಅಪರೂಪ.

ಹಾಗಂತ ಮೇಳಗಳೇ ದಂಡ ಅನ್ನುತ್ತಿಲ್ಲ. ಅವುಗಳ ಕೆಲಸವೇ ಬೇರೆ. ಒಬ್ಬರನ್ನೊಬ್ಬರು ಕಂಡರಿಯದವರು ವ್ಯಾಪಾರಕ್ಕೆ ಇಳಿದಾಗ ಬೆಲೆಗಿಂತ ಮೊದಲು ಅಡ್ಡ ಬರುವುದು ಭಯ. ದುಡ್ಡು ಕಳಿಸಿದರೆ ಮಾಲು ಬರುತ್ತಾ? ಮಾಲು ಕಳಿಸಿದರೆ ದುಡ್ಡು ಬರುತ್ತಾ?

12 ಮತ್ತು 13ನೇ ಶತಮಾನದಲ್ಲಿ ಫ್ರಾನ್ಸಿನ ಶಾಂಪೇನ್ ಸೀಮೆಯಲ್ಲಿ ದೊಡ್ಡ ಮೇಳಗಳು ನಡೆಯುತ್ತಿದ್ದವು. ಇಂದಿನ ಬೆಲ್ಜಿಯಂ ಕಡೆಯ ಫ್ಲಾಂಡರ್ಸ್‌ನ ಉಣ್ಣೆ ಬಟ್ಟೆ ಕೊಳ್ಳಲು ಇಟಲಿಯವರು ಆಲ್ಪ್ಸ್ ದಾಟಿ ಬರುತ್ತಿದ್ದರು. ಯಾರಾದರೂ ಸಾಲ ಉಳಿಸಿಕೊಂಡು ಓಡಿಹೋದರೆ ಮೇಳದ ಅಧಿಕಾರಿಗಳು ಅವನ ಊರಿಗೇ ಪತ್ರ ಬರೆಯುತ್ತಿದ್ದರು. ವಸೂಲಿ ಮಾಡಿಕೊಡದಿದ್ದರೆ ಆ ಊರಿನ ವ್ಯಾಪಾರಿಗಳನ್ನೆಲ್ಲ ಮೇಳದಿಂದ ಹೊರಗಿಡುತ್ತೇವೆ ಅನ್ನುವ ಬೆದರಿಕೆಯೂ ಹೋಗುತ್ತಿತ್ತು. ಒಬ್ಬನ ತಪ್ಪಿಗೆ ಊರಿಗೆಲ್ಲ ಬಿಸಿ. ನ್ಯಾಯವೋ ಅಲ್ಲವೋ, ದೂರದಿಂದ ಬಂದವನಿಗೆ ಧೈರ್ಯ ಬರುತ್ತಿತ್ತು.

ಜರ್ಮನಿಯ ಲೈಪ್‌ಜಿಗ್ ಊರಿನ ಮೇಳ ಮುಂದೆ ಇನ್ನೊಂದು ದಾರಿ ಹಿಡಿಯಿತು. ಕಾರ್ಖಾನೆಗಳ ಕಾಲ ಬಂದಿತ್ತು. ಒಂದು ನೋಡಿದರೆ ಸಾವಿರ ನೋಡಿದ ಹಾಗೆ. ಮತ್ತೆ ಗಾಡಿಗಟ್ಟಲೆ ಮಾಲು ಯಾಕೆ ಹೊತ್ತು ತರಬೇಕು? 1895ರಲ್ಲಿ ಅಲ್ಲಿ ಸ್ಯಾಂಪಲ್ ಮೇಳ ಶುರುವಾಯಿತು. ಸ್ಯಾಂಪಲ್ ತೋರಿಸು, ಆರ್ಡರ್ ಬರೆದುಕೋ, ಮಾಲು ಆಮೇಲೆ ಕಳಿಸು. ಇವತ್ತಿನ ಮೇಳಗಳೂ ಹೆಚ್ಚೂಕಡಿಮೆ ಹೀಗೇ ನಡೆಯುತ್ತವೆ. ಶೀತಲ ಸಮರದ ದಿನಗಳಲ್ಲೂ ಪೂರ್ವ ಮತ್ತು ಪಶ್ಚಿಮದ ವ್ಯಾಪಾರಿಗಳು ಈ ಊರಿನಲ್ಲಿ ಎದುರುಬದುರು ಕೂತು ಮಾತಾಡುತ್ತಿದ್ದರು. ನನಗೆ ತುಂಬ ಇಷ್ಟದ ಚಿತ್ರ ಅದು.

ಈಗ ಫೋನಿನಲ್ಲೇ ಎಲ್ಲ ಸಿಗುತ್ತದಲ್ವಾ, ಮೇಳ ಯಾಕೆ ಅನ್ನುವವರಿದ್ದಾರೆ. 1957ರಿಂದ ನಡೆಯುತ್ತಿರುವ ಚೀನಾದ ಕ್ಯಾಂಟನ್ ಮೇಳವನ್ನೇ ನೋಡಿ. ಕೋವಿಡ್ ಬಂದಾಗ, 2020ರಲ್ಲಿ, ಆನ್‌ಲೈನ್‌ಗೆ ಹೋಯಿತು. 2023ರ ಏಪ್ರಿಲ್‌ನಲ್ಲಿ ಪೂರ್ತಿಯಾಗಿ ಕ್ಯಾಂಟನ್‌ನ, ಅಂದರೆ ಈಗಿನ ಗ್ವಾಂಗ್‌ಝೌನ ಹಾಲ್‌ಗಳಿಗೆ ಮರಳಿತು. ಬಟ್ಟೆ ಎಷ್ಟು ದಪ್ಪ, ಹಿಡಿಕೆ ಎಷ್ಟು ಗಟ್ಟಿ ಅಂತ ಕೈಯಲ್ಲಿ ಹಿಡಿದೇ ನೋಡಬೇಕು. ತಿಂಗಳಿಗೆ ಎಷ್ಟು ಮಾಡಿಕೊಡ್ತೀರಿ ಅಂತ ಕೇಳಿದಾಗ ಎದುರಿನವನು ಒಂದು ಗಳಿಗೆ ತಡವರಿಸಿದ್ದು ಇಮೇಲ್‌ನಲ್ಲಿ ಕಾಣುವುದಿಲ್ಲ.

ನನ್ನ ತಕರಾರು ಖರ್ಚಿನ ಬಗ್ಗೆ. ಸ್ಟಾಲ್ ಬಾಡಿಗೆ, ವಿಮಾನ, ಹೋಟೆಲ್, ದುಭಾಷಿ. ದೊಡ್ಡ ಕಂಪನಿಗೆ ಇದು ಜಾಹೀರಾತಿನ ಲೆಕ್ಕಕ್ಕೆ ಹೋಗುತ್ತದೆ, ಸಣ್ಣವನಿಗೆ ವರ್ಷದ ಉಳಿತಾಯ. ಸ್ಯಾಂಪಲ್‌ಗೆ ಗಡಿಯಲ್ಲಿ ಸುಂಕ ಬೀಳದಿರಲಿ ಅಂತ 1961ರ ಒಪ್ಪಂದದಿಂದ ಬಂದ ಎಟಿಎ ಕಾರ್ನೆಟ್ ಎಂಬ ದಾಖಲೆ ಇದೆ. ಒಯ್ದದ್ದನ್ನು ಅವಧಿಯೊಳಗೆ ವಾಪಸ್ ತಂದರೆ ಸುಂಕವಿಲ್ಲ. ಒಳ್ಳೆಯ ವ್ಯವಸ್ಥೆ. ಆದರೆ ಅದಕ್ಕೂ ಭದ್ರತೆ ಇಡಬೇಕು, ಅಂದರೆ ಮತ್ತೆ ದುಡ್ಡು.

ಹಲವು ಸರ್ಕಾರಗಳು ಸ್ಟಾಲ್‌ಗೆ ಸಹಾಯಧನ ಕೊಡುತ್ತವೆ, ಕೊಡಲಿ. ಆದರೆ ಮೇಳದಿಂದ ಬಂದ ಮೇಲಿನ ಕೆಲಸವೇ ಜಾಸ್ತಿ. ಬೆಲೆಪಟ್ಟಿ ಕಳಿಸಬೇಕು, ಸ್ಯಾಂಪಲ್ ತಿದ್ದಬೇಕು, ಆ ದೇಶದ ನಿಯಮಕ್ಕೆ ತಕ್ಕ ಪರೀಕ್ಷೆ ಮಾಡಿಸಬೇಕು. ಆಗ ಕೇಳುವವರು ಯಾರೂ ಇರುವುದಿಲ್ಲ. ವಿಸಿಟಿಂಗ್ ಕಾರ್ಡ್‌ಗಳ ಕಟ್ಟು ಸುಮ್ನೆ ಡ್ರಾಯರ್ ಸೇರುತ್ತದೆ.

ಹೋಗಿ ಬಂದವರನ್ನು ಸರ್ಕಾರ ಒಂದು ವರ್ಷ ಬಿಟ್ಟು ಕರೆದು ಕೇಳಲಿ: ಅಲ್ಲಿ ಸಿಕ್ಕವರಲ್ಲಿ ಎಷ್ಟು ಜನ ಎರಡನೇ ಸಲ ಆರ್ಡರ್ ಕೊಟ್ಟರು? ಸಂಖ್ಯೆ ಸಣ್ಣದಿದ್ದರೂ ಪರವಾಗಿಲ್ಲ. ಫೋಟೊ ಇಲ್ಲದಿದ್ದರೂ ಆ ಸುದ್ದಿಯನ್ನು ನಾನು ಪೂರ್ತಿ ಓದುತ್ತೇನೆ.