ವಿಶ್ರಾಂತಿಗೆ ಪುರುಸೊತ್ತಿಲ್ಲ

ಕಸೂತಿಗೂ ಕೈತೋಟಕ್ಕೂ ಎಣ್ಣೆ-ಸೀಗೆಕಾಯಿ ಸಂಬಂಧ. ಬೆಳಿಗ್ಗೆ ಕುಂಡದ ಮಣ್ಣು ಸಡಿಲ ಮಾಡಿದ ಕೈಯಲ್ಲಿ ಮಧ್ಯಾಹ್ನ ರೇಷ್ಮೆ ದಾರ ಹಿಡಿದು ನೋಡಿ, ಗೊತ್ತಾಗುತ್ತದೆ. ಎಷ್ಟೇ ತಿಕ್ಕಿ ತೊಳೆದರೂ ಬೆರಳ ತುದಿ ಒರಟೊರಟು. ಉಗುರಿನ ಪಕ್ಕ ಎದ್ದ ಒಂದು ಚೂರು ಸಿಪ್ಪೆ ಸಾಕು, ದಾರ ಹುಡುಕಿಕೊಂಡು ಹೋಗಿ ಅದಕ್ಕೇ ಸಿಕ್ಕಿಕೊಳ್ಳುತ್ತದೆ. ಬಿಳಿ ಬಟ್ಟೆ ಮೇಲೆ ಹೂವಿಗಿಂತ ಮೊದಲು ನನ್ನ ಹೆಬ್ಬೆಟ್ಟಿನ ಗುರುತು ಅರಳುತ್ತದೆ. ಗ್ಲೌಸ್ ಹಾಕ್ಕೊಳ್ಳಿ ಅಂತ ಬುದ್ಧಿ ಹೇಳುವವರಿದ್ದಾರೆ. ಗ್ಲೌಸ್ ಹಾಕಿಕೊಂಡು ಸಾಸಿವೆಗಿಂತ ಸಣ್ಣ ಬೀಜವನ್ನು ಒಂದೊಂದೇ ಹೆಕ್ಕಿ ತೋರಿಸಲಿ ಅವರು!

ಒಂದು ವಿಷಯಕ್ಕೆ ಮಾತ್ರ ಕಸೂತಿಯೇ ವಾಸಿ. ಬಟ್ಟೆ ಮೇಲಿನ ದಾಸವಾಳಕ್ಕೆ ಹಿಟ್ಟು ತಿಗಣೆ ಬರುವುದಿಲ್ಲ. ಬೇವಿನ ಎಣ್ಣೆ ಸಿಂಪಡಿಸುವುದಕ್ಕೆ ಎಲೆ ಮಗುಚಿ ಮಗುಚಿ ನೋಡುವ ಗೋಳೂ ಇಲ್ಲ.

ಇನ್ನು ಉಲ್ಲನ್ ಕಥೆ. ಒಂದು ಸಂಜೆ ಗಾಳಿಗೆ ಟೊಮೆಟೊ ಗಿಡ ವಾಲಿತು. ಕೋಲಿಗೆ ಕಟ್ಟಲು ಹುರಿ ಸಿಗಲಿಲ್ಲ. ನಮ್ಮ ಮನೆಯವರು ಸಮಯಪ್ರಜ್ಞೆ ಮೆರೆದರು. ನನ್ನ ಶಾಲಿಗೆಂದು ಇಟ್ಟಿದ್ದ ಉಲ್ಲನ್ ಕತ್ತರಿಸಿ ಕಟ್ಟಿಬಿಟ್ಟರು. ಅದೂ ನನ್ನ ಬಟ್ಟೆ ಕತ್ತರಿಯಲ್ಲಿ. ಆ ಕತ್ತರಿಯಲ್ಲಿ ಕಾಗದ ಕತ್ತರಿಸಿದರೇ ಮಾತು ಬಿಡುವವಳು ನಾನು. ಇವರು ಅದೇ ಉತ್ಸಾಹದಲ್ಲಿ ಒಣಕಡ್ಡಿಗಳನ್ನೂ ಕತ್ತರಿಸಿ ಮುಗಿಸಿದ್ದರು. "ಗಿಡ ಉಳೀತಲ್ಲ, ಸಂತೋಷ ಪಡೋದು ಬಿಟ್ಟು..." ಅಂದರು. ಪಟ್ಟೆ. ಶಾಲಿಗೆ ಕೊನೆಯ ಸಾಲುಗಳಷ್ಟು ಉಲ್ಲನ್ ಕಮ್ಮಿಯಾಯಿತು. ಬಣ್ಣದ ನಂಬರ್ ಅದೇ ಇದ್ದರೂ ಬಣ್ಣ ಹಾಕಿದ ಲಾಟ್ ಬೇರೆಯಾದರೆ ಛಾಯೆ ಬೇರೆ ಬರುತ್ತದೆ. ಬಂತು. ಅಂಚಿನಲ್ಲಿ ತೆಳು ಪಟ್ಟೆ ನೋಡಿದವರು "ಡಿಸೈನಾ?" ಅಂತಾರೆ. ಹೌದು ಅಂತೀನಿ. ಇನ್ನೇನು ಹೇಳಲಿ? ಟೊಮೆಟೊ ಗಿಡ ಮಾತ್ರ ಒಳ್ಳೇ ಉಲ್ಲನ್ ಸುತ್ತಿಕೊಂಡು ಬೆಚ್ಚಗಿದೆ.

ಕ್ರೋಶಾ ಹಾಕೋದೇ ಒಂದು ವಿಶ್ರಾಂತಿ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಅವರು ಹೊಲಿಗೆ ಎಣಿಸುವಾಗ ಯಾರೂ ಬಂದು ಸಾಕ್ಸ್ ಎಲ್ಲಿ ಅಂತ ಕೇಳಿರಲಿಕ್ಕಿಲ್ಲ. ಕೈ ಮನಸ್ಸಿನ ಮಾತು ಕೇಳುತ್ತದೆ. ಸಿಟ್ಟಲ್ಲಿ ಹಾಕಿದ ಸಾಲು ಬಿಗಿ, ನಿದ್ದೆಗಣ್ಣಲ್ಲಿ ಹಾಕಿದ ಸಾಲು ಸಡಿಲ. ನಾನು ಹೆಣೆದ ಟೋಪಿಯಲ್ಲಿ ನಮ್ಮ ಸಂಸಾರದ ಚರಿತ್ರೆಯನ್ನೇ ಓದಬಹುದು. ಜಗಳವಾಡಿದ ಕಡೆಗೆ ಅದು ವಾಲಿದೆ.

ಅಸಲಿ ವಿಶ್ರಾಂತಿಯ ಕಷ್ಟವೇ ಬೇರೆ. ನೀರು ಹಾಕದಿದ್ದರೆ ಗಿಡ ಸಂಜೆಯೊಳಗೆ ಮುಖ ಬಾಡಿಸಿ ತೋರಿಸುತ್ತದೆ. ಅರ್ಧ ಹೆಣೆದ ಸ್ವೆಟರ್ ಬುಟ್ಟಿಯಿಂದ ಒಂದು ತೋಳು ಚಾಚಿ ಕರೆಯುತ್ತದೆ. ವಿಶ್ರಾಂತಿ ಪಾಪ, ತಕರಾರು ಮಾಡುವುದಿಲ್ಲ. ಹಾಗಾಗಿ ನಾನು ಆರಾಮವಾಗಿ ಕೂರಲೆಂದು ತಂದ ಕುರ್ಚಿಯಲ್ಲಿ ಈಗ ಉಲ್ಲನ್ ಉಂಡೆಗಳು ಆರಾಮವಾಗಿವೆ. ಮಳೆಗೆ ಒಳಗೆ ತಂದ ಸಸಿಗಳು ಕಿಟಕಿ ಪಕ್ಕ ಮಂಚದವರೆಗೂ ಬಂದಿವೆ. ಅವು ಬೆಳಕಿನ ಕಡೆಗೇ ಬಗ್ಗುತ್ತವೆ, ಆಗಾಗ ಕುಂಡ ತಿರುಗಿಸುತ್ತಿರಬೇಕು.

ಮೊನ್ನೆ ಏನಾದರಾಗಲಿ ಅಂತ ಮಧ್ಯಾಹ್ನ ಮಲಗಿಯೇಬಿಟ್ಟೆ. ಮನೆಯಲ್ಲಿ ಗಾಬರಿ. ಇವರು ಬಂದು ಹಣೆ ಮುಟ್ಟಿ ನೋಡಿದರು. ಅತ್ತೆ ಬಾಗಿಲಲ್ಲೇ ನಿಂತು, "ಹುಷಾರಿಲ್ವೇನೇ?" ಅಂದರು. ಸುಮ್ನೆ ಮಲಗಿದ್ದೀನಿ ಅಂದರೆ ಯಾರೂ ನಂಬಲಿಲ್ಲ. ನಂಬಿದವಳು ಮಗಳು ಒಬ್ಬಳೇ.

"ಸುಮ್ನೆ ತಾನೇ ಇದ್ದೀಯ, ಅಮ್ಮಾ? ಹಾಗಾದ್ರೆ ಈ ಉಲ್ಲನ್ ಲಡಿ ಹಿಡ್ಕೋ, ನಾನು ಉಂಡೆ ಸುತ್ತುತೀನಿ."

ಮಲಗಿದಲ್ಲೇ ಎರಡೂ ಕೈ ಮೇಲೆತ್ತಿದೆ.