ಸೈಡ್ ಇನ್‌ಕಮ್: ಮೈನಸ್ ಒಂದು ಸಾವಿರ

"ಸೊನ್ನೆಗಿಂತ ಕಡಿಮೆ ಹೇಗಿರುತ್ತೆ ಮಿಸ್? ಇಲ್ಲ ಅಂದ್ರೆ ಇಲ್ಲ ಅಲ್ವಾ?"

ಆರನೇ ಕ್ಲಾಸಿನ ಹುಡುಗಿ ಕೇಳಿದಳು. ಹನ್ನೆರಡು ವರ್ಷದಿಂದ ಈ ಪ್ರಶ್ನೆಗೆ ಸಂಖ್ಯಾರೇಖೆ ಎಳೆದಿದ್ದೇನೆ, ಥರ್ಮಾಮೀಟರ್ ತೋರಿಸಿದ್ದೇನೆ, ಬಾವಿಗೆ ಮೆಟ್ಟಿಲು ಇಳಿಸಿದ್ದೇನೆ. ಈ ಸಲ ಸುಮ್ನೆ ನನ್ನ ಪಾಸ್‌ಬುಕ್ ತೋರಿಸಿಬಿಡೋಣ ಅನ್ನಿಸಿತು. ಯಾಕೆಂದರೆ ಹೋದ ತಿಂಗಳಿಂದ ನನಗೆ ಸೈಡ್ ಇನ್‌ಕಮ್ ಶುರುವಾಗಿದೆ.

ನಾನು ದಾವಣಗೆರೆಯ ಒಂದು ಖಾಸಗಿ ಶಾಲೆಯಲ್ಲಿ ಗಣಿತದ ಮಿಸ್. ಸಂಬಳದ ವಿಷಯ ಕೇಳಬೇಡಿ. ಯಾವ ಸಂಖ್ಯೆಯನ್ನೂ ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೇ ಉಳಿಯುತ್ತದೆ ಎಂದು 9ನೇ ಶತಮಾನದಲ್ಲಿ, ನಮ್ಮ ರಾಷ್ಟ್ರಕೂಟರ ಕಾಲದಲ್ಲಿ, ಮಹಾವೀರಾಚಾರ್ಯರು ಬರೆದಿದ್ದರು. ಅದು ತಪ್ಪು ಅಂತ ಮಕ್ಕಳಿಗೆ ಹೇಳುತ್ತಲೇ ಬಂದಿದ್ದೆ. ಆದರೆ ಐದು ವರ್ಷದಿಂದ ಆ ಸೊನ್ನೆ ನನ್ನ ಸಂಬಳಕ್ಕೆ ಏನೆಲ್ಲ ಮಾಡಿದರೂ ಸಂಬಳ ಹಾಗೇ ಉಳಿದಿದೆ. ಆಚಾರ್ಯರು ಎಲ್ಲೋ ಪ್ರೈವೇಟ್ ಸ್ಕೂಲಲ್ಲಿ ಕೆಲಸ ಮಾಡಿರಬೇಕು.

ಹೀಗಿರುವಾಗ ಮೊಬೈಲಲ್ಲಿ ಜಾಹೀರಾತು ಬಂತು. "ಗಣಿತ ಗೊತ್ತಾ? ಮನೆಯಲ್ಲೇ ಕೂತು ತಿಂಗಳಿಗೆ 50 ಸಾವಿರ ಗಳಿಸಿ!" ನಾನು ಗಣಿತದವಳು, ಲೆಕ್ಕ ಹಾಕದೆ ಬಿಡುತ್ತೇನಾ? ಗಂಟೆಗೆ 500, ದಿನಕ್ಕೆ 5 ಗಂಟೆ, ತಿಂಗಳಿಗೆ 20 ದಿನ. ಸರಿಯಾಗಿ 50 ಸಾವಿರ. ಲೆಕ್ಕ ಸರಿ ಇದೆಯಲ್ಲ ಅಂತ ಆ ಆನ್‌ಲೈನ್ ಟ್ಯೂಷನ್ ಕಂಪನಿಗೆ ಸೇರಿಬಿಟ್ಟೆ. ದಿನಕ್ಕೆ ಐದು ಗಂಟೆ ಸೈಡಿಗೆ ಹೋದರೆ ನಡುವೆ ಉಳಿಯುವುದೆಷ್ಟು ಅನ್ನುವುದು ಆಮೇಲೆ ಹೊಳೆಯಿತು.

ಸೇರಿದ ಮೊದಲ ದಿನವೇ ಕಂಪನಿಯ ಹುಡುಗ ಫೋನ್ ಮಾಡಿದ. "ಮೇಡಂ, ಟೀಚರ್ ಅಂತ ಹಾಕಬೇಡಿ, ಯಾರೂ ಬರಲ್ಲ. ಮ್ಯಾಥ್ಸ್ ಮೆಂಟರ್ ಅಂತ ಹಾಕಿ. ಊರು ಬೆಂಗಳೂರು ಅಂತಿರಲಿ." ಆಗಲಿ ಎಂದೆ. ಪಾಠಕ್ಕೆ ಮಕ್ಕಳು ಸಿಗಬೇಕಾದರೆ ನಾನು ಕಂಪನಿಯಿಂದ ಕಾಯಿನ್ ಕೊಂಡುಕೊಳ್ಳಬೇಕಂತೆ. ಕಾಯಿನ್ ಕೊಟ್ಟರೆ ಪೋಷಕರ ನಂಬರ್ ಕಾಣಿಸುತ್ತದೆ. ನನ್ನ ಜೊತೆಗೆ ಇನ್ನೂ ಹದಿನೈದು ಮೆಂಟರುಗಳಿಗೂ ಅದೇ ನಂಬರ್ ಕಾಣಿಸುತ್ತದೆ. ಎಲ್ಲರೂ ಫೋನ್ ಮಾಡಿದ ಮೇಲೆ ಆ ತಾಯಿ ಫೋನ್ ಸ್ವಿಚ್ ಆಫ್ ಮಾಡುತ್ತಾರೆ. ಕಾಯಿನ್ ವಾಪಸ್ ಬರುವುದಿಲ್ಲ.

ಅದರ ಮೇಲೆ ಡೆಮೊ. ಮೊದಲ ಕ್ಲಾಸ್ ಫ್ರೀ. ಮೊದಲ ತಿಂಗಳಲ್ಲಿ ನಾನು ಹನ್ನೊಂದು ಡೆಮೊ ಕೊಟ್ಟೆ. ಒಬ್ಬ ಹುಡುಗ ಬಂದವನೇ "ಮಿಸ್, ಎಕ್ಸರ್‌ಸೈಜ್ 4ರಿಂದ ಹೇಳಿಕೊಡಿ" ಅಂದ. 1ರಿಂದ 3 ಆಯ್ತಾ ಮರಿ ಅಂದರೆ, "ಅದನ್ನ ನಿನ್ನೆ ಡೆಮೊದ ಸರ್ ಹೇಳಿಕೊಟ್ರು" ಅನ್ನಬೇಕೇ! ಹೀಗೆ ಡೆಮೊದಿಂದ ಡೆಮೊಗೆ ಹಾರುತ್ತಾ ಇಡೀ ಪಠ್ಯಪುಸ್ತಕ ಪುಕ್ಕಟೆ ಮುಗಿಸುತ್ತಿದ್ದ. ಸಿಟ್ಟು ಬರಲಿಲ್ಲ, ನಿಜ ಹೇಳಬೇಕೆಂದರೆ. ಈ ಇಡೀ ವ್ಯವಹಾರದಲ್ಲಿ ಲೆಕ್ಕ ಕಲಿತವನು ಅವನೊಬ್ಬನೇ.

ಸಲಕರಣೆಯ ಕಥೆ ಬೇರೆ. ನೋಟ್‌ಬುಕ್ಕಿನ ಆಚೆ ಈಚೆ ಎರಡು ಸ್ಟೀಲ್ ಡಬ್ಬ, ಅವುಗಳ ಮೇಲೆ ಅಡ್ಡ ಎರಡು ಸ್ಕೇಲು, ಸ್ಕೇಲಿನ ಮೇಲೆ ಬೋರಲು ಮಲಗಿದ ಮೊಬೈಲು. ಬರೆದದ್ದು ಮಗುವಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಒಂದು ಸಂಜೆ ನಮ್ಮತ್ತೆ ಬಂದು ತೊಗರಿಬೇಳೆ ಡಬ್ಬ ಎತ್ತಿಕೊಂಡು ಹೋದರು. ಸಾರಿಗೆ ಬೇಳೆ ಬೇಡವೇ? ವರ್ಗಮೂಲದ ಮಧ್ಯದಲ್ಲಿ ಮೊಬೈಲು ಜಾರಿ ಬಿತ್ತು. ಮಗು ಆ ಕಡೆಯಿಂದ, "ಮಿಸ್, ಈಗ ಸೀಲಿಂಗ್ ಫ್ಯಾನ್ ಕಾಣ್ತಿದೆ, ಬರ್ಕೊಳ್ಳಲಾ?" ಅಂತು. ಮರುದಿನವೇ 2,600 ಕೊಟ್ಟು ಪೆನ್ ಟ್ಯಾಬ್ಲೆಟ್ ತಂದೆ.

ಇನ್ನು ಮೊದಲ ತಿಂಗಳ ಲೆಕ್ಕ. ಹನ್ನೊಂದು ಡೆಮೊದಲ್ಲಿ ಸೇರಿದ್ದು ಇಬ್ಬರು. 500 ಅಂದದ್ದು ಚೌಕಾಸಿಯಲ್ಲಿ 250ಕ್ಕೆ ಇಳಿಯಿತು. ಇಪ್ಪತ್ತು ಕ್ಲಾಸಿಗೆ 5,000. ಕಂಪನಿಯ ಕಮಿಷನ್ ಶೇ 30, ಅಂದರೆ 1,500. ಕಾಯಿನ್ 1,200. ಇಂಟರ್ನೆಟ್ 700. ಪೆನ್ ಟ್ಯಾಬ್ಲೆಟ್ 2,600. ಕಳೆಯಿರಿ. ಮೈನಸ್ 1,000. ಸೊನ್ನೆಗಿಂತ ಕಡಿಮೆ ಹೀಗೆ ಇರುತ್ತೆ, ಪುಟ್ಟಿ.

ಡಾಲರ್ ಆದರೂ ಬರಲಿ ಅಂತ ಅಮೆರಿಕದ ಕಡೆ ತಿರುಗಿದೆ. ನ್ಯೂಜೆರ್ಸಿಯ ಒಬ್ಬ ಕನ್ನಡದ ತಾಯಿ ಸಿಕ್ಕರು. ಅಲ್ಲಿ ಸಂಜೆ ಆರು ಅಂದರೆ ಚಳಿಗಾಲದಲ್ಲಿ ನನಗೆ ಬೆಳಗಿನ ಜಾವ ನಾಲ್ಕೂವರೆ. ಹೇಗೋ ಅಭ್ಯಾಸ ಮಾಡಿಕೊಂಡೆ. ಮಾರ್ಚ್ ಎರಡನೇ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿದರು. ನನಗೆ ಮೂರೂವರೆ ಆಯಿತು. ಅವರ ಊರಲ್ಲಿ ಬಿಸಿಲು ಉಳಿಸಲು ನನ್ನ ಮನೆಯಲ್ಲಿ ರಾತ್ರಿ ಲೈಟು ಹಾಕಬೇಕು! ಆ ಮಗುವಿಗೆ 1,00,000 ಅಂತ ಬರೆದರೆ "ಕಾಮಾ ರಾಂಗ್ ಪ್ಲೇಸ್" ಅನ್ನುತ್ತದೆ, ಅವರದು 100,000. ಕೂಡು, ಕಳೆ, ಗುಣಿಸು, ಭಾಗಿಸುಗಳಲ್ಲಿ ಯಾವುದು ಮೊದಲು ಅನ್ನುವ ನಮ್ಮ ಬೋಡ್‌ಮಾಸ್ ನಿಯಮ ಅಲ್ಲಿ ಪೆಮ್‌ಡಾಸ್.

ಮಗುವಿನ ತಾಯಿಯದು ಒಂದೇ ಬೇಡಿಕೆ. "ಮಿಸ್, ಇಲ್ಲಿ ಸ್ಕೂಲಲ್ಲಿ ಗುಣಾಕಾರಕ್ಕೆ ಬರೀ ಬಾಕ್ಸ್ ಬರೆಸ್ತಾರೆ. ನೀವು ನಮ್ಮ ಥರ ಇಪ್ಪತ್ತರ ತನಕ ಮಗ್ಗಿ ಬಾಯಿಪಾಠ ಮಾಡಿಸಿ." ಮಾಡಿಸಿದೆ. ಜಾವದಲ್ಲಿ ಹದಿನೇಳೊಂದ್ಲೆ ಹದಿನೇಳು ಹೇಳಿಸಿ, ಸ್ನಾನ ಮಾಡಿ, ಒಂಬತ್ತಕ್ಕೆ ಶಾಲೆಗೆ ಹೋದರೆ ನಮ್ಮ ಪ್ರಿನ್ಸಿಪಾಲರು ಮೀಟಿಂಗ್ ಕರೆದಿದ್ದರು. "ಇನ್ಮೇಲೆ ಮಗ್ಗಿ ಬಾಯಿಪಾಠ ಬೇಡ. ಫಾರಿನ್ನಲ್ಲಿ ಬಾಕ್ಸ್ ಮೆಥಡ್ ಇದೆ, ಅದನ್ನ ಮಾಡಿಸಿ. ಪೇರೆಂಟ್ಸ್ ಇಷ್ಟಪಡ್ತಾರೆ." ತಲೆ ಆಡಿಸಿದೆ. ನಿದ್ದೆಗೋ ಒಪ್ಪಿಗೆಗೋ ನನಗೇ ಗೊತ್ತಿಲ್ಲ.

ಸರ್ಕಾರ ಇದನ್ನೆಲ್ಲ ನೋಡುತ್ತಾ ಸುಮ್ಮನಿದೆಯೇ? ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಯಾವ ಶಿಕ್ಷಕರೂ ಖಾಸಗಿ ಟ್ಯೂಷನ್ ಮಾಡುವಂತಿಲ್ಲ. ಸಂತೋಷ. 2024ರ ಜನವರಿಯಲ್ಲಿ ಕೇಂದ್ರದವರು ಕೋಚಿಂಗ್ ಸೆಂಟರುಗಳಿಗೆ ಮಾರ್ಗಸೂಚಿ ತಂದು, 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬೇಡಿ ಅಂದರು. ಅದೂ ಸಂತೋಷ. ಜೊತೆಗೆ ಕೋಚಿಂಗ್ ಫೀಸಿನ ಮೇಲೆ ಶೇ 18 ಜಿಎಸ್‌ಟಿ ಇದೆ. ಶಾಲೆಯ ಫೀಸಿಗೆ ಇಲ್ಲ. ಅಂದರೆ ನಾನು ಬೆಳಿಗ್ಗೆ ಚಕ್ರಬಡ್ಡಿ ಹೇಳಿಕೊಟ್ಟರೆ ಶಿಕ್ಷಣ, ಸಂಜೆ ಕಂಪನಿಯ ಮೂಲಕ ಅದನ್ನೇ ಹೇಳಿಕೊಟ್ಟರೆ ಸರಕು. ಬೇಡ ಅನ್ನುವುದಕ್ಕೂ ಒಂದು ಕಾಗದ, ತೆರಿಗೆ ಕಟ್ಟು ಅನ್ನುವುದಕ್ಕೂ ಒಂದು ಕಾಗದ. ವರ್ಷಕ್ಕೆ 20 ಲಕ್ಷ ದಾಟಿದರೆ ಮಾತ್ರ ನಾನೇ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಆ ಒಂದು ಚಿಂತೆ ನನಗಿಲ್ಲ.

ಸ್ಟಾಫ್ ರೂಮಿನಲ್ಲಿ ಯಾರೂ ಇದರ ಬಗ್ಗೆ ಮಾತಾಡುವುದಿಲ್ಲ. ಆದರೆ ಸೈನ್ಸ್ ಸರ್ ಕಣ್ಣೂ ಬೆಳಿಗ್ಗೆ ಕೆಂಪಗಿರುತ್ತದೆ. ಇಂಗ್ಲಿಷ್ ಮಿಸ್ ಈಚೆಗೆ "ಆಮ್ ಐ ಆಡಿಬಲ್?" ಅಂತ ಕೇಳಿಯೇ ಪಾಠ ಶುರು ಮಾಡುತ್ತಾರೆ, ಎದುರಿಗೇ ಕೂತ ಮಕ್ಕಳಿಗೆ! ನಮ್ಮ ಶಾಲೆಯ ಮಕ್ಕಳು ಸಂಜೆ ಯಾವುದೋ ಊರಿನ ಮೆಂಟರ್ ಹತ್ತಿರ ಕಲಿಯುತ್ತಾರೆ. ಆ ಊರಿನ ಮಕ್ಕಳು ನಮ್ಮ ಹತ್ತಿರ ಕಲಿಯುತ್ತಾರೆ. ಮಕ್ಕಳನ್ನು ಅದಲು ಬದಲು ಮಾಡಿಕೊಂಡದ್ದಕ್ಕೆ ನಡುವಿನ ಕಂಪನಿಗೆ ಶೇ 30.

ಹೋದ ಮಂಗಳವಾರ ರಾತ್ರಿ ಒಂಬತ್ತಕ್ಕೆ ಇನ್ನೊಂದು ಡೆಮೊ ಇತ್ತು. ಎಂಟನೇ ಕ್ಲಾಸ್, ದಾವಣಗೆರೆ. ಅಷ್ಟು ನೋಡಿಯೇ ನಾನು ಜಾರಿಕೊಳ್ಳಬೇಕಿತ್ತು. ಆದರೆ ಕಾಯಿನ್ ಖರ್ಚಾಗಿತ್ತಲ್ಲ. ಕ್ಯಾಮೆರಾ ಆನ್ ಆಯಿತು. ಎದುರಿಗೆ ನಮ್ಮ 8 ಬಿ ಸೆಕ್ಷನ್ನಿನ ಹುಡುಗ, ಮೂರನೇ ಬೆಂಚಿನವನು. ಪಕ್ಕದಲ್ಲಿ ಅವರಪ್ಪ. ಹುಡುಗ ನನ್ನನ್ನು ನೋಡಿ ಬಾಯಿ ತೆರೆದ. ನಾನು ಅವನನ್ನು ನೋಡಿದೆ. ಅವನು ಬಾಯಿ ಮುಚ್ಚಿದ. ಅಪ್ಪನಿಗೆ ಏನೂ ಗೊತ್ತಾಗಲಿಲ್ಲ. ಪೋಷಕರ ಸಭೆಗೆ ಯಾವಾಗಲೂ ಬರುವುದು ತಾಯಿ.

"ಇವನ ಸ್ಕೂಲಲ್ಲಿ ಮ್ಯಾಥ್ಸ್ ಸರಿಯಾಗಿ ಹೇಳ್ಕೊಡಲ್ಲ ಮೇಡಂ" ಅಂದರು ಅವರು. "ಟೀಚರಿಗೆ ಪಾಪ ಯಾವಾಗ್ಲೂ ನಿದ್ದೆಯಂತೆ."

ಹುಡುಗ ತಲೆ ತಗ್ಗಿಸಿ ನೋಟ್‌ಬುಕ್ಕನ್ನು ಕ್ಯಾಮೆರಾಕ್ಕೆ ಹಿಡಿದ. ಬೆಳಿಗ್ಗೆ ನಾನೇ ಕೊಟ್ಟಿದ್ದ ಹೋಂವರ್ಕ್. ಐದು ಲೆಕ್ಕ, ಚಕ್ರಬಡ್ಡಿ. ಒಂದನ್ನೂ ಮಾಡಿರಲಿಲ್ಲ. ಒಂದೊಂದಾಗಿ ಹೇಳಿಕೊಟ್ಟೆ, ಬರೆದುಕೊಂಡ. ಮುಗಿಯುವಾಗ ಹತ್ತಾಗಿತ್ತು. ಅಪ್ಪ ಬಹಳ ಖುಷಿಯಾದರು. "ಸ್ಕೂಲಲ್ಲೂ ಹೀಗೆ ಹೇಳ್ಕೊಟ್ಟಿದ್ರೆ ನಾವ್ಯಾಕೆ ನಿಮ್ಮ ಹತ್ರ ಬರ್ತಿದ್ವಿ, ಅಲ್ವಾ ಮೇಡಂ? ಬೆಂಗಳೂರಿನವರ ಲೆವೆಲ್ಲೇ ಬೇರೆ. 200ಕ್ಕೆ ಮಾಡ್ಕೊಳ್ಳಿ."

ಮರುದಿನ ಎರಡನೇ ಪೀರಿಯಡ್ಡಿನಲ್ಲಿ ಹುಡುಗ ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟ. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ. ಮೂರನೇ ಲೆಕ್ಕ ತಪ್ಪಾಗಿತ್ತು. ಹತ್ತು ಸಾವಿರಕ್ಕೆ ಶೇ 10ರಂತೆ ಎರಡು ವರ್ಷದ ಚಕ್ರಬಡ್ಡಿ 2,100 ಬರಬೇಕು, ಅಲ್ಲಿ 2,000 ಅಂತಿತ್ತು. ಕೆಂಪು ಪೆನ್ನು ತೆಗೆದು ಸರಿ ಗುರುತು ಹಾಕಿ, ಕೆಳಗೆ 'ವೆರಿ ಗುಡ್' ಅಂತ ಬರೆದೆ.